ಕಾರ್ಡಿನ ಎರಡು ಪರ್ಸೆಂಟ್ ಯಾರ ತಲೆಗೆ?

ಮಾನ್ಯ ಅಧ್ಯಕ್ಷರೇ, ಮೈಸೂರಿನ ಸಯ್ಯಾಜಿರಾವ್ ರಸ್ತೆ, ಅಶೋಕ ರಸ್ತೆಗಳಲ್ಲಿ ಅಂಗಡಿ ಬಾಗಿಲೆಳೆದು ಬಂದಿರುವ ವರ್ತಕರೇ, ಗ್ರಾಹಕ ಬಂಧುಗಳೇ,

ಗ್ರಾಹಕರ ಪರವಾಗಿ ಮಾತನಾಡಲೆಂದು ನನ್ನನ್ನು ಕರೆಸಿದ್ದಾರೆ. ಆದರೂ ಮೊದಲ ಮಾತನ್ನು ವರ್ತಕರ ಪರವಾಗಿಯೇ ಹೇಳುತ್ತೇನೆ. ಕ್ರೆಡಿಟ್ ಕಾರ್ಡಿನಲ್ಲಿ ಹಣ ಕೊಟ್ಟರೆ ಬ್ಯಾಂಕ್ ಅಂಗಡಿಯವರಿಂದ ಶುಲ್ಕ ಹಿಡಿದುಕೊಳ್ಳುತ್ತದೆ; ಅದನ್ನು ಆ ಗಿರಾಕಿಯಿಂದ ಪ್ರತ್ಯೇಕವಾಗಿ ಕೇಳಲು ಅಂಗಡಿಯವರಿಗೆ ಅವಕಾಶವಿರಬೇಕು. ಷರತ್ತುಗಳಿವೆ, ಆದ್ದರಿಂದ ಈಗಲೇ ಚಪ್ಪಾಳೆ ಬೇಡ.

ಹತ್ತು ಸಾವಿರ ರೂಪಾಯಿಯ ರೇಷ್ಮೆ ಸೀರೆಯೊಂದನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡರು ಎನ್ನಿ. ಬ್ಯಾಂಕಿನ ಶುಲ್ಕ ಶೇಕಡಾ 2 ಎಂದಿಟ್ಟುಕೊಂಡರೆ 200 ರೂಪಾಯಿ ಹೋಯಿತು. ಆ ಶುಲ್ಕದ ಮೇಲೆ ಶೇಕಡಾ 18 ಜಿಎಸ್‌ಟಿ, ಅಂದರೆ 36 ರೂಪಾಯಿ. ಅಂಗಡಿಯವರ ಖಾತೆಗೆ ಬಂದದ್ದು 9,764. ಪೂರ್ತಿ ಜಿಎಸ್‌ಟಿ ಲೆಕ್ಕ ಸಲ್ಲಿಸುವವರು ಆ 36ನ್ನು ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ವಹಿವಾಟಿನ ಮೇಲೆ ಸಣ್ಣ ದರದಲ್ಲಿ ಸರಳವಾಗಿ ತೆರಿಗೆ ಕಟ್ಟುವ ಕಾಂಪೋಸಿಷನ್ ಯೋಜನೆಯಲ್ಲಿರುವ ಸಣ್ಣ ವರ್ತಕರಿಗೆ ಅದೂ ಇಲ್ಲ. ಇನ್ನು ಆ 200ರಲ್ಲಿ ದೊಡ್ಡ ಪಾಲು ಹೋಗುವುದು ಗಿರಾಕಿಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ. ಉಳಿದದ್ದನ್ನು ವೀಸಾ, ಮಾಸ್ಟರ್‌ಕಾರ್ಡ್, ರುಪೇಯಂಥ ಜಾಲಗಳೂ ಸ್ವೈಪ್ ಯಂತ್ರ ಕೊಟ್ಟ ಬ್ಯಾಂಕೂ ಹಂಚಿಕೊಳ್ಳುತ್ತವೆ.

ಕಾರ್ಡಿನವರಿಗೆ ಸಿಗುವ ರಿವಾರ್ಡ್ ಪಾಯಿಂಟ್, ಕ್ಯಾಶ್‌ಬ್ಯಾಕ್, ವಿಮಾನ ನಿಲ್ದಾಣದ ಲಾಂಜಿನಲ್ಲಿ ಪುಕ್ಕಟೆ ಉಪಾಹಾರ, ಇವಕ್ಕೆಲ್ಲ ಹಣ ಬರುವುದು ಬಹುಮಟ್ಟಿಗೆ ಆ ದೊಡ್ಡ ಪಾಲಿನಿಂದಲೇ. ವರ್ತಕರೇನು ಕೈಯಿಂದ ಕಳೆದುಕೊಂಡು ಸುಮ್ಮನಿರುತ್ತಾರೆಯೇ? ಎಲ್ಲ ಸೀರೆಗಳ ಬೆಲೆಯಲ್ಲೂ ಸ್ವಲ್ಪ ಸ್ವಲ್ಪ ಸೇರಿಸುತ್ತಾರೆ. ದೇವರಾಜ ಮಾರುಕಟ್ಟೆಯಲ್ಲಿ ಹೂ ಮಾರುವ ತಾಯಿಯೊಬ್ಬರು ಮಗಳ ಮದುವೆಗೆಂದು ನಗದು ಎಣಿಸಿಕೊಟ್ಟು ಅದೇ ಸೀರೆ ಕೊಂಡರೆ, ಬೇರೆ ಯಾರದೋ ಲಾಂಜಿನ ತಿಂಡಿಗೆ ಅವರೂ ಕಾಸು ಕೊಟ್ಟಂತಾಯಿತು. ಶುಲ್ಕ ಕೇಳಬಾರದು ಎಂದು ವಾದಿಸುವ ನಮ್ಮ ಗ್ರಾಹಕ ಮಿತ್ರರು ಈ ತಾಯಿಯನ್ನು ಲೆಕ್ಕಕ್ಕೆ ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ.

ಆದರೆ ಡೆಬಿಟ್ ಕಾರ್ಡಿನ ಮಾತೇ ಬೇರೆ. ಅಲ್ಲಿ ಗಿರಾಕಿ ಕೊಡುವುದು ತನ್ನದೇ ಖಾತೆಯ ಹಣ. ಬ್ಯಾಂಕ್ ಯಾರಿಗೂ ಸಾಲ ಕೊಟ್ಟಿಲ್ಲ. ಅದಕ್ಕೇ ರಿಸರ್ವ್ ಬ್ಯಾಂಕ್ 2012ರಲ್ಲಿ ಡೆಬಿಟ್ ಕಾರ್ಡಿನ ಶುಲ್ಕಕ್ಕೆ ಮಿತಿ ಹಾಕಿತು. 2018ರ ಜನವರಿಯಿಂದ ಆ ಮಿತಿ ಸಣ್ಣ ವರ್ತಕರಿಗೆ ಶೇಕಡಾ 0.40, ಉಳಿದವರಿಗೆ 0.90. 2020ರಿಂದ ರುಪೇ ಡೆಬಿಟ್ ಕಾರ್ಡಿಗೂ ಬ್ಯಾಂಕ್ ಖಾತೆಯಿಂದ ಮಾಡುವ ಯುಪಿಐಗೂ ವರ್ತಕರ ಮೇಲೆ ಶುಲ್ಕವೇ ಇಲ್ಲ. ಡೆಬಿಟ್ ಕಾರ್ಡಿನವರಿಂದ ಇಷ್ಟು ಪರ್ಸೆಂಟ್ ಎಂದು ವಸೂಲಿ ಮಾಡುವಂತಿಲ್ಲ, ಮಾಡುವ ಅಂಗಡಿಗಳೊಂದಿಗೆ ವ್ಯವಹಾರ ಕಡಿದುಕೊಳ್ಳಿ ಎಂದು 2013ರಲ್ಲೇ ಬ್ಯಾಂಕುಗಳಿಗೆ ಸೂಚನೆ ಹೋಗಿದೆ. ಹೀಗಿದ್ದೂ ಯಾವ ಕಾರ್ಡ್ ಎಂದು ತಿರುಗಿಸಿಯೂ ನೋಡದೆ ಎರಡು ಪರ್ಸೆಂಟ್ ಕೇಳುವುದು ಸುಲಿಗೆ. ಮುಂದಿನ ಸಾಲಿನಲ್ಲಿ ಕುಳಿತ ಕೆಲವರು ನಗುತ್ತಿದ್ದೀರಿ, ನಿಮಗೂ ಗೊತ್ತಿದೆ.

ಕ್ರೆಡಿಟ್ ಕಾರ್ಡಿನಲ್ಲಿ ಸಾಲವಿದೆ. ಹಿಂದೆ ದಿನಸಿ ಅಂಗಡಿಯವರು ಪುಸ್ತಕದಲ್ಲಿ ಸಾಲ ಬರೆದುಕೊಳ್ಳುತ್ತಿದ್ದರು. ಮುಳುಗಿದರೆ ಅವರದೇ ಗಂಟು ಮುಳುಗುತ್ತಿತ್ತು. ಈಗ ಬಾಕಿ ವಸೂಲಿಯ ತಲೆನೋವು ಬ್ಯಾಂಕಿನದು, ವರ್ತಕರಿಗೆ ಸಾಮಾನ್ಯವಾಗಿ ಮರುದಿನವೇ ಹಣ. ಆದ್ದರಿಂದ ಶುಲ್ಕವೇ ಅನ್ಯಾಯ ಎಂದು ನಾನು ಹೇಳಲಾರೆ. ಅದಕ್ಕೆ ರಿಸರ್ವ್ ಬ್ಯಾಂಕಿನ ಮಿತಿ ಇಲ್ಲದಿರುವುದು ಅನ್ಯಾಯ. ಮೇಲಾಗಿ, ಗಿರಾಕಿಯಿಂದ ಅದನ್ನು ಪ್ರತ್ಯೇಕವಾಗಿ ಕೇಳಬಾರದೆಂದು ಯಂತ್ರ ಕೊಡುವ ಬ್ಯಾಂಕಿನ ಕರಾರಿನಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ. ಹಾಗಾಗಿಯೇ ನಮ್ಮಲ್ಲಿ ಈ ಎರಡು ಪರ್ಸೆಂಟ್ ಬಾಯಿಮಾತಿನಲ್ಲೇ ಓಡಾಡುತ್ತದೆ, ಬಿಲ್ಲಿನಲ್ಲಿ ಕಾಣುವುದಿಲ್ಲ.

ಗಿರಾಕಿಯಿಂದ ಶುಲ್ಕ ಕೇಳುವುದನ್ನು ಬ್ರಿಟನ್ 2018ರಲ್ಲಿ ನಿಷೇಧಿಸಲಿಲ್ಲವೇ ಎಂದು ಕೇಳಬಹುದು. ನಿಷೇಧಿಸಿತು. ಆದರೆ ಆಗ ಬ್ರಿಟನ್ನೂ ಸೇರಿದ್ದ ಐರೋಪ್ಯ ಒಕ್ಕೂಟ ಅದಕ್ಕೂ ಮೊದಲೇ, 2015ರಲ್ಲಿ, ಕಾರ್ಡ್ ಕೊಟ್ಟ ಬ್ಯಾಂಕಿನ ಪಾಲನ್ನು ಕ್ರೆಡಿಟ್ ಕಾರ್ಡಿಗೆ ಶೇಕಡಾ 0.3ಕ್ಕೆ ಇಳಿಸಿತ್ತು. ಭಾರ ಇಳಿಸಿ ಆಮೇಲೆ ಕೇಳಬೇಡ ಎಂದರು. ಇಲ್ಲಿ ಭಾರ ಹಾಗೇ ಇದೆ. ಆಸ್ಟ್ರೇಲಿಯಾ 2003ರಲ್ಲಿ ಶುಲ್ಕ ಕೇಳಲು ವರ್ತಕರಿಗೆ ಬಿಟ್ಟುಕೊಟ್ಟಿತು. ಕೆಲವರು ಅಸಲಿಗಿಂತ ಹೆಚ್ಚು ಕೀಳಲು ಹೊರಟಾಗ 2016ರಲ್ಲಿ ನಿಜವಾದ ಖರ್ಚಿಗಿಂತ ಹೆಚ್ಚು ಕೇಳಬಾರದೆಂದು ಕಾನೂನು ತಂದಿತು. ನಮಗೆ ಹೊಂದುವ ದಾರಿ ಇದೇ ಎಂಬುದು ನನ್ನ ಅಭಿಪ್ರಾಯ.

ಷರತ್ತು ಎಂದೆನಲ್ಲ. ಬೆಲೆ ಕುದುರಿ, ಸೀರೆ ಮಡಿಚಿ, ಚೀಲಕ್ಕೆ ಹಾಕಿದ ಮೇಲೆ ಶುಲ್ಕದ ಮಾತು ತೆಗೆಯಬಾರದು. ಬಾಗಿಲಲ್ಲೇ ಕನ್ನಡದಲ್ಲಿ ಬರೆದಿರಬೇಕು. ಬ್ಯಾಂಕ್ ನಿಮ್ಮಿಂದ 1.6 ಹಿಡಿದರೆ ನೀವೂ 1.6 ಕೇಳಿ, ಎರಡು ಎಂಬ ದುಂಡು ಸಂಖ್ಯೆ ಯಾರಪ್ಪನ ಆಸ್ತಿಯೂ ಅಲ್ಲ. ಕೇಳಿದ್ದು ಬಿಲ್ಲಿನಲ್ಲಿ ಬೇರೆ ಸಾಲಾಗಿ ಅಚ್ಚಾಗಬೇಕು.

ಒಂದು ತೊಡಕಿಗೆ ಮಾತ್ರ ನನ್ನ ಬಳಿ ಉತ್ತರವಿಲ್ಲ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು. ಗಿರಾಕಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಹಣ ಬಂದದ್ದು ಉಳಿತಾಯ ಖಾತೆಯಿಂದಲೋ ಕಾರ್ಡಿನ ಸಾಲದಿಂದಲೋ, ಕ್ಯಾಷ್ ಕೌಂಟರಿನಲ್ಲಿ ಕುಳಿತವರಿಗೆ ಆ ಕ್ಷಣದಲ್ಲಿ ಗೊತ್ತಾಗುವುದು ಕಷ್ಟ. ಸಣ್ಣ ವರ್ತಕರಿಗೆ 2,000 ರೂಪಾಯಿವರೆಗೆ ಶುಲ್ಕವಿಲ್ಲ. ಅದರ ಮೇಲಿನದಕ್ಕೆ ಬ್ಯಾಂಕ್ ಹಿಡಿದುಕೊಳ್ಳುತ್ತದೆ. ಇದನ್ನು ನಿಮ್ಮಲ್ಲಿ ಯಾರಾದರೂ ನಿಭಾಯಿಸಿದ್ದರೆ ಎದ್ದು ನಿಂತು ಹೇಳಿ. ಪ್ರಶ್ನೋತ್ತರವನ್ನು ಅಲ್ಲಿಂದಲೇ ಆರಂಭಿಸೋಣ.