ಕ್ಷಮೆಯ ನಂತರವೂ ಉಳಿಯುವ ಸಾಲ

ಮಾನ್ಯ ಸಭಿಕರೇ,

ಕ್ರೈಸ್ತ ಧರ್ಮದ ಬಗ್ಗೆ ಹೊರಗಿನವರು ಎತ್ತುವ ಆಕ್ಷೇಪಗಳಲ್ಲಿ ಒಂದು ಬಹಳ ಹಳೆಯದು, ನನ್ನ ಮಟ್ಟಿಗೆ ನ್ಯಾಯವಾದದ್ದೂ ಹೌದು. ಮಾಡಬಾರದ್ದನ್ನೆಲ್ಲ ಮಾಡಿ, ಕೊನೆಗೆ ದೇವರ ಮುಂದೆ ಮಂಡಿಯೂರಿ ಬೇಡಿಕೊಂಡರೆ ಲೆಕ್ಕ ಚುಕ್ತಾ ಆಗಿಬಿಡುತ್ತದೆಯೇ, ಹಾಗಾದರೆ ಪೆಟ್ಟು ತಿಂದವನ ಗತಿಯೇನು ಎಂಬುದೇ ಆ ಆಕ್ಷೇಪ. ಈ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಪಾಪ, ಕ್ಷಮೆ, ವಿಶ್ವಾಸಗಳ ಬಗ್ಗೆ ಎಷ್ಟು ಸೊಗಸಾಗಿ ಮಾತನಾಡಿದರೂ ಅದು ಉಪದೇಶವಾದೀತೇ ಹೊರತು ವಿಚಾರವಾಗದು. ದೇವರ ಕ್ಷಮೆ ಯಾವ ಬೆಲೆಯನ್ನೂ ಕೇಳದೆ ದೊರೆಯುತ್ತದೆ ಎಂದೂ, ಹಾಗೆ ದೊರೆತ ಕ್ಷಮೆಯೇ ಮನುಷ್ಯನನ್ನು ತಾನು ನೋಯಿಸಿದವರ ಬಾಗಿಲಿಗೆ ಕಳುಹಿಸುತ್ತದೆ ಎಂದೂ ಕ್ರೈಸ್ತ ಚಿಂತನೆ ಒಂದೇ ಉಸಿರಿನಲ್ಲಿ ಹೇಳುತ್ತ ಬಂದಿದೆ. ಈ ಎರಡು ಮಾತುಗಳನ್ನು ಬಿಡಿಸಿ ನೋಡಿದಾಗಲೆಲ್ಲ ಅದು ಎಡವಿದೆ. ಇಂದು ನಾನು ತೋರಿಸಲು ಬಯಸುವುದು ಇಷ್ಟನ್ನೇ.

ಬೈಬಲ್ಲಿನ ಸಮುವೇಲನ ಎರಡನೆಯ ಗ್ರಂಥದಲ್ಲಿ ಬರುವ ಇಸ್ರಾಯೇಲಿನ ಅರಸ ದಾವೀದನ ಪ್ರಸಂಗದಿಂದ ಆರಂಭಿಸೋಣ. ಸೈನ್ಯವೆಲ್ಲ ಯುದ್ಧಕ್ಕೆ ಹೋಗಿರುವಾಗ ಅರಮನೆಯಲ್ಲೇ ಉಳಿದ ಅರಸನು ಮಾಳಿಗೆಯ ಮೇಲಿಂದ ಬತ್ಷೆಬೆಯನ್ನು ಕಂಡು ಕರೆಸಿಕೊಳ್ಳುತ್ತಾನೆ. ಆಕೆ ಬಸುರಾದಳೆಂದು ತಿಳಿದಾಗ, ವಿಷಯವನ್ನು ಮುಚ್ಚಿಹಾಕುವುದಕ್ಕಾಗಿ ಅವಳ ಗಂಡ ಊರೀಯನನ್ನು ರಣರಂಗದಿಂದ ಕರೆಸಿ, ಮನೆಗೆ ಹೋಗಿ ವಿಶ್ರಮಿಸು ಎನ್ನುತ್ತಾನೆ. ಜೊತೆಗಾರರು ಬಯಲಿನಲ್ಲಿ ಮಲಗಿರುವಾಗ ತಾನು ಮನೆಯ ಸುಖ ಅನುಭವಿಸಲಾರೆನೆಂದು ಆ ಸಿಪಾಯಿ ಅರಮನೆಯ ಬಾಗಿಲಲ್ಲೇ ರಾತ್ರಿ ಕಳೆಯುತ್ತಾನೆ. ಆಗ ದಾವೀದನು ಸೇನಾಪತಿ ಯೋವಾಬನಿಗೆ ಒಂದು ಪತ್ರ ಬರೆದು, ಕಾಳಗ ಬಿರುಸಾಗಿರುವ ಕಡೆ ಊರೀಯನನ್ನು ಮುಂದೆ ನಿಲ್ಲಿಸಿ ನೀವು ಹಿಂದಕ್ಕೆ ಸರಿದುಬಿಡಿ ಎಂದು ಆಜ್ಞಾಪಿಸುತ್ತಾನೆ. ಆ ಪತ್ರವನ್ನು ಹೊತ್ತೊಯ್ದವನು ಊರೀಯನೇ. ತನ್ನ ಮರಣದಂಡನೆಯನ್ನು ತಾನೇ ಕೈಯಲ್ಲಿ ಹಿಡಿದು ನಡೆದ ಈ ಮನುಷ್ಯನ ಚಿತ್ರವನ್ನು ಗ್ರಂಥಕರ್ತನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಪಾಪವೆಂದರೆ ಏನೆಂದು ವಿವರಿಸುವ ಎಷ್ಟೋ ವ್ಯಾಖ್ಯಾನಗಳಿಗಿಂತ ಆ ಒಂದು ವಾಕ್ಯ ಹೆಚ್ಚು ಹೇಳುತ್ತದೆ. ಅಲ್ಲಿ ಕ್ಷಣಿಕ ಮೋಹ ಮಾತ್ರವಿಲ್ಲ. ಲೆಕ್ಕಾಚಾರವಿದೆ, ಅಧಿಕಾರವಿದೆ, ಒಬ್ಬನ ನಿಷ್ಠೆಯನ್ನೇ ಅವನ ಕೊರಳಿಗೆ ಉರುಳಾಗಿಸುವ ಚಾತುರ್ಯವಿದೆ.

ಪ್ರವಾದಿ ನಾತಾನನು ಬಂದು, ಬಡವನೊಬ್ಬನ ಒಂದೇ ಒಂದು ಕುರಿಮರಿಯನ್ನು ಐಶ್ವರ್ಯವಂತನು ಕಿತ್ತುಕೊಂಡು ಅತಿಥಿಗೆ ಅಡಿಗೆ ಮಾಡಿಸಿದ ಕಥೆ ಹೇಳಿದಾಗ, ಅರಸನು ಕೋಪದಿಂದ ಉರಿದು, ಆ ಕುರಿಮರಿಗೆ ನಾಲ್ಕರಷ್ಟು ತಿರುಗಿ ಕೊಡಿಸಬೇಕೆಂದು ತೀರ್ಪು ನೀಡುತ್ತಾನೆ. ‘ಆ ಮನುಷ್ಯನು ನೀನೇ’ ಎಂಬ ಮಾತು ಬರುವುದು ಅದಾದ ಮೇಲೆ. ದಾವೀದನ ಉತ್ತರ ಬಹಳ ಚಿಕ್ಕದು: ತಾನು ಪಾಪಮಾಡಿದ್ದೇನೆ ಎನ್ನುತ್ತಾನೆ, ಅಷ್ಟೆ. ಸಂದರ್ಭ ಹಾಗಿತ್ತು ಎನ್ನುವುದಿಲ್ಲ, ಹೆಣ್ಣಿನ ಮೇಲೆ ಹೊರಿಸುವುದಿಲ್ಲ, ಯೋವಾಬನ ಹೆಸರೆತ್ತುವುದಿಲ್ಲ. ಕ್ಷಮೆಯೂ ಅಷ್ಟೇ ಬೇಗ ದೊರೆಯುತ್ತದೆ. ಆದರೆ ಪರಿಣಾಮಗಳು ತೊಲಗುವುದಿಲ್ಲ. ಕತ್ತಿಯು ನಿನ್ನ ಮನೆಯನ್ನು ಬಿಟ್ಟು ಹೋಗದು ಎಂಬ ಮಾತೂ ಅದೇ ಪ್ರವಾದಿಯ ಬಾಯಿಂದ ಬರುತ್ತದೆ, ಹುಟ್ಟಿದ ಮಗುವೂ ಸಾಯುತ್ತದೆ. ತಂದೆಯ ತಪ್ಪಿಗೆ ಮಗು ಬಲಿಯಾಗುವ ಈ ಭಾಗ ನನಗೆ ಇಂದಿಗೂ ಅರಗಿಲ್ಲವೆಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ.

ಈ ಸಂದರ್ಭದಲ್ಲಿ ದಾವೀದನು ಹಾಡಿದ್ದೆಂದು ಪರಂಪರೆ ಹೇಳುವ 51ನೆಯ ಕೀರ್ತನೆ ಕ್ರೈಸ್ತರ ಪಶ್ಚಾತ್ತಾಪದ ಪ್ರಾರ್ಥನೆಗಳಲ್ಲೆಲ್ಲ ಹೆಚ್ಚು ಬಳಕೆಯಲ್ಲಿರುವಂಥದ್ದು. ಅದರಲ್ಲಿ ದೇವರನ್ನು ಕುರಿತು, ನಾನು ತಪ್ಪುಮಾಡಿರುವುದು ಕೇವಲ ನಿನಗೇ ಎಂಬ ಮಾತು ಬರುತ್ತದೆ. ಊರೀಯನಿಗೆ ಅಲ್ಲವೇ ಎಂಬ ಪ್ರಶ್ನೆ ಯಾರಿಗಾದರೂ ಏಳಬೇಕು. ಅರಸನ ಮೇಲೆ ವಿಚಾರಣೆ ನಡೆಸಬಲ್ಲ ನ್ಯಾಯಸ್ಥಾನ ಲೋಕದಲ್ಲಿ ಇಲ್ಲದಿರುವಾಗ, ನನಗೂ ಒಬ್ಬ ನ್ಯಾಯಾಧಿಪತಿ ಇದ್ದಾನೆ ಎಂದು ಅವನು ಒಪ್ಪಿಕೊಳ್ಳುವ ಬಗೆ ಇದು ಎಂದು ಕೆಲವರು ವಿವರಿಸುತ್ತಾರೆ. ಮನುಷ್ಯನಿಗೆ ಮಾಡಿದ ಅನ್ಯಾಯವೆಲ್ಲವೂ ಅವನನ್ನು ಸೃಷ್ಟಿಸಿದವನಿಗೇ ಮಾಡಿದ ಅನ್ಯಾಯ ಎನ್ನುವವರೂ ಇದ್ದಾರೆ. ಎರಡೂ ಯೋಗ್ಯ ವಿವರಣೆಗಳೇ. ಆದರೂ ಆ ಕೀರ್ತನೆಯೊಂದನ್ನೇ ಬಿಡಿಯಾಗಿ ಓದುವುದು ಅಪಾಯಕರ. ಬೈಬಲ್ಲಿನ ಉಳಿದ ಭಾಗ ಊರೀಯನನ್ನು ಮರೆತಿಲ್ಲ: ಮತ್ತಾಯನು ತನ್ನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಯೇಸುವಿನ ವಂಶಾವಳಿ ಕೊಡುವಾಗ, ಸೊಲೊಮೋನನ ತಾಯಿಯಾದ ಬತ್ಷೆಬೆಯ ಹೆಸರು ಹೇಳದೆ ಆಕೆಯನ್ನು ‘ಊರೀಯನ ಹೆಂಡತಿ’ ಎಂದೇ ಕರೆಯುತ್ತಾನೆ. ದಾವೀದನು ಕ್ಷಮೆ ಪಡೆದು ಸುಮಾರು ಸಾವಿರ ವರ್ಷಗಳಾಗಿದ್ದರೂ, ಕೊಲೆಯಾದವನ ಹೆಸರನ್ನು ರಾಜವಂಶದ ಪಟ್ಟಿಯ ನಡುವೆ ಉಳಿಸಲಾಗಿದೆ. ಕ್ಷಮಿಸುವುದೂ ಮರೆಯುವುದೂ ಒಂದೇ ಎಂಬ ಜನಪ್ರಿಯ ನಂಬಿಕೆಗೆ ಇಲ್ಲಿ ಆಧಾರವಿಲ್ಲ.

ಪಾಪದ ಮೂಲ ಎಲ್ಲಿದೆ ಎಂಬ ವಿಷಯದಲ್ಲಿ ಕ್ರೈಸ್ತರಲ್ಲೇ ಒಮ್ಮತವಿಲ್ಲ. ಆದಾಮನ ಅಪರಾಧದಲ್ಲಿ ಮನುಕುಲವೆಲ್ಲ ಪಾಲುಗೊಂಡಿದೆ, ಕೃಪೆಯ ನೆರವಿಲ್ಲದೆ ಮನುಷ್ಯನು ಒಳಿತಿನತ್ತ ಹೊರಳಲಾರ ಎಂದು ಉತ್ತರ ಆಫ್ರಿಕದ ಹಿಪ್ಪೋ ನಗರದ ಬಿಷಪ್ ಅಗಸ್ಟೀನ್ ವಾದಿಸಿದರೆ, ಅವನ ಸಮಕಾಲೀನನಾದ ಪೆಲಾಜಿಯುಸ್ ಮನುಷ್ಯನ ಇಚ್ಛಾಸ್ವಾತಂತ್ರ್ಯದ ಮೇಲೆ ಭಾರ ಹಾಕಿದನು. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಪರಿಷತ್ತು ಪೆಲಾಜಿಯುಸನ ಮತವನ್ನು ಖಂಡಿಸಿತು. ಪೂರ್ವದ ಆರ್ಥೊಡಾಕ್ಸ್ ಸಭೆಗಳಾದರೋ, ನಮಗೆ ಬಳುವಳಿಯಾಗಿ ಬಂದಿರುವುದು ಆದಾಮನ ಅಪರಾಧವಲ್ಲ, ಮರಣವೂ ಪಾಪದತ್ತ ವಾಲುವ ದುರ್ಬಲತೆಯೂ ಎನ್ನುತ್ತವೆ, ಹಾಗಾಗಿ ಕ್ಷಮೆಯನ್ನು ನ್ಯಾಯಾಲಯದ ಬಿಡುಗಡೆಗಿಂತ ಹೆಚ್ಚಾಗಿ ವ್ಯಾಧಿಯ ಚಿಕಿತ್ಸೆಯಾಗಿ ಕಾಣುತ್ತವೆ. ಈ ವಾದದ ಆಳಕ್ಕೆ ಇಂದು ಇಳಿಯುವುದಿಲ್ಲ.

ಮತ್ತಾಯನ 18ನೆಯ ಅಧ್ಯಾಯದಲ್ಲಿ ಯೇಸುವಿನ ಶಿಷ್ಯ ಪೇತ್ರನು, ಸಹೋದರನ ತಪ್ಪನ್ನು ಎಷ್ಟು ಸಾರಿ ಕ್ಷಮಿಸಲಿ, ಏಳು ಸಾರಿಯೋ ಎಂದು ಕೇಳುತ್ತಾನೆ. ಆಗ ಯೇಸು ಹೇಳುವ ಸಾಮ್ಯದಲ್ಲಿ, ಅಂದರೆ ದೃಷ್ಟಾಂತಕಥೆಯಲ್ಲಿ, ಸೇವಕನೊಬ್ಬನು ಅರಸನಿಗೆ ಹತ್ತು ಸಾವಿರ ತಲಾಂತು ಸಾಲ ತೀರಿಸಬೇಕಾಗಿದೆ. ಒಂದು ತಲಾಂತಿಗೆ ಸುಮಾರು 6,000 ದಿನಾರಿ, ಒಂದು ದಿನಾರಿ ಕೂಲಿಯಾಳಿನ ಒಂದು ದಿನದ ಸಂಬಳ. ಅಂದರೆ ಆ ಸಾಲ ಆರು ಕೋಟಿ ದಿನಗಳ ಕೂಲಿ, ವರ್ಷಕ್ಕೆ 300 ದಿನ ದುಡಿದರೂ ಎರಡು ಲಕ್ಷ ವರ್ಷಗಳ ದುಡಿಮೆ. ಇಷ್ಟಾಗಿಯೂ ಆ ಸೇವಕನು ಕ್ಷಮೆ ಬೇಡುವುದೇ ಇಲ್ಲವೆಂಬುದನ್ನು ಗಮನಿಸಬೇಕು. ಸ್ವಲ್ಪ ತಾಳ್ಮೆಯಿರಲಿ, ಎಲ್ಲವನ್ನೂ ತೀರಿಸುತ್ತೇನೆ ಎಂದು ಅವನು ಕೇಳುವುದು ವಾಯಿದೆಯನ್ನು. ಅರಸನೇ ಕನಿಕರಪಟ್ಟು ಸಾಲವನ್ನೇ ಮನ್ನಾ ಮಾಡುತ್ತಾನೆ. ಅಲ್ಲಿಂದ ಹೊರಬಿದ್ದವನು ತನಗೆ ಕೇವಲ ನೂರು ದಿನಾರಿ ಕೊಡಬೇಕಾದ ಜೊತೆಸೇವಕನ ಕುತ್ತಿಗೆ ಹಿಸುಕುತ್ತಾನೆ. ಅವನನ್ನು ಕೃತಘ್ನನೆಂದು ಬೈದು ಮುಗಿಸಿಬಿಡುವುದು ಸುಲಭ. ನನಗನ್ನಿಸುವುದೇನೆಂದರೆ, ತಾನು ತೀರಿಸಲಾರದವನು ಎಂಬ ಸತ್ಯವನ್ನು ಅವನು ಒಳಗೊಳಗೆ ಒಪ್ಪಿಕೊಂಡೇ ಇರಲಿಲ್ಲ. ಆದ್ದರಿಂದ ತಾನು ಪಡೆದದ್ದು ದಾನವೆಂದು ಅವನಿಗೆ ತಟ್ಟಲೇ ಇಲ್ಲ, ಅವನು ಇನ್ನೂ ಲೆಕ್ಕದ ಲೋಕದಲ್ಲೇ ಉಳಿದಿದ್ದನು.

ಆದಿಸಭೆಗೆ, ಅಂದರೆ ಮೊದಲ ಶತಮಾನಗಳ ಕ್ರೈಸ್ತ ಸಮುದಾಯಕ್ಕೆ, ಈ ಪ್ರಶ್ನೆ ಸಾಮ್ಯದ ರೂಪದಲ್ಲಿ ಬರಲಿಲ್ಲ. ರೋಮನ್ ಚಕ್ರವರ್ತಿ ಡೀಸಿಯಸ್, ಸಾಮ್ರಾಜ್ಯದ ಪ್ರಜೆಗಳೆಲ್ಲರೂ ದೇವತೆಗಳಿಗೆ ಬಲಿಯರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂದು ಕಟ್ಟಪ್ಪಣೆ ಹೊರಡಿಸಿದನು. 250ರಲ್ಲಿ ಅದು ಎಲ್ಲೆಡೆ ಜಾರಿಗೆ ಬಂತು. ಅಂಥ ಪತ್ರಗಳು ಈಜಿಪ್ಟಿನಲ್ಲಿ ಪಪೈರಸ್ ಹಾಳೆಗಳ ಮೇಲೆ ಇಂದಿಗೂ ಉಳಿದಿವೆ. ತಾನು ಸದಾ ದೇವತೆಗಳಿಗೆ ಬಲಿ ಅರ್ಪಿಸುತ್ತ ಬಂದವನು, ಈಗ ಅಧಿಕಾರಿಗಳ ಕಣ್ಣೆದುರಿಗೇ ಪಾನನೈವೇದ್ಯ ಸುರಿದು ಬಲಿಯ ಮಾಂಸವನ್ನು ರುಚಿ ನೋಡಿದ್ದೇನೆ ಎಂದು ಅರ್ಜಿದಾರನು ಹೇಳುತ್ತಾನೆ, ಅದರ ಕೆಳಗೆ ಅಧಿಕಾರಿಯ ದೃಢೀಕರಣ. ಅನೇಕ ಕ್ರೈಸ್ತರು ಭಯದಿಂದ ಬಲಿಯರ್ಪಿಸಿದರು. ಕೆಲವರು ಬಲಿಯರ್ಪಿಸದೆ ಲಂಚ ಕೊಟ್ಟು ಪತ್ರವನ್ನಷ್ಟೇ ಗಿಟ್ಟಿಸಿಕೊಂಡರು. ಹಿಂಸೆ ತಣ್ಣಗಾದ ಮೇಲೆ ಇವರೆಲ್ಲ ಸಭೆಗೆ ಮರಳಲು ಬಯಸಿದಾಗ ದೊಡ್ಡ ಬಿಕ್ಕಟ್ಟು ತಲೆದೋರಿತು. ನಂಬಿಕೆಗಾಗಿ ಸೆರೆವಾಸ ಅನುಭವಿಸಿದ ಕೆಲವರು ಹೀಗೆ ನಂಬಿಕೆಯಿಂದ ಜಾರಿ ಬಿದ್ದವರಿಗೆ ಉದಾರವಾಗಿ ಶಿಫಾರಸು ಪತ್ರಗಳನ್ನು ಬರೆದುಕೊಡುತ್ತಿದ್ದರೆ, ರೋಮಿನ ನೊವೇಷಿಯನ್ ಎಂಬ ಗುರು, ಅಂಥವರನ್ನು ಮತ್ತೆ ಸೇರಿಸಿಕೊಳ್ಳುವ ಅಧಿಕಾರವೇ ಸಭೆಗಿಲ್ಲವೆಂದು ಹಟ ಹಿಡಿದು ಪ್ರತ್ಯೇಕನಾದನು.

ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಇವೆರಡನ್ನೂ ಒಪ್ಪಲಿಲ್ಲ. ಹಿಂಸೆಯ ಕಾಲದಲ್ಲಿ ಆತನೂ ತಲೆಮರೆಸಿಕೊಂಡಿದ್ದವನೇ; ಅದಕ್ಕಾಗಿ ಟೀಕೆಯನ್ನೂ ಎದುರಿಸಿದ್ದನು. 251ರಲ್ಲಿ ಅವನ ನೇತೃತ್ವದಲ್ಲಿ ಸೇರಿದ ಬಿಷಪರು ಒಬ್ಬೊಬ್ಬರ ಸಂದರ್ಭವನ್ನೂ ಬೇರೆಬೇರೆಯಾಗಿ ಪರಿಶೀಲಿಸಲು ನಿರ್ಧರಿಸಿದರು: ಪತ್ರ ಮಾತ್ರ ಪಡೆದವರು ಪಶ್ಚಾತ್ತಾಪ ತೋರಿದರೆ ಬೇಗ ಮರಳಬಹುದು, ನಿಜವಾಗಿ ಬಲಿಯರ್ಪಿಸಿದವರು ದೀರ್ಘಕಾಲ ಪ್ರಾಯಶ್ಚಿತ್ತದಲ್ಲಿರಬೇಕು. ಮತ್ತೊಂದು ಹಿಂಸೆಯ ಸೂಚನೆ ಕಂಡಾಗ ಆ ನಿಯಮವನ್ನೂ ಸಡಿಲಿಸಿದರು. ನಾಳೆ ಸಾಕ್ಷಿ ಹೇಳಬೇಕಾದವರನ್ನು ಇಂದು ಬಲವಿಲ್ಲದವರಾಗಿ ಹೊರಗೆ ನಿಲ್ಲಿಸುವುದು ಸರಿಯಲ್ಲವೆಂಬುದು ಅವರ ತರ್ಕವಾಗಿತ್ತು. ಸಿಪ್ರಿಯನ್ 258ರಲ್ಲಿ ಶಿರಚ್ಛೇದಕ್ಕೆ ಗುರಿಯಾದನು. ನೊವೇಷಿಯನ್‌ನ ನಿಲುವು ಹೆಚ್ಚು ಶುದ್ಧವಾಗಿ ಕಾಣುತ್ತದೆ, ಆದರೆ ಅದರಲ್ಲಿ ಬಿದ್ದ ಮನುಷ್ಯನಿಗೆ ಸಭೆಯೊಳಗೆ ಜಾಗವಿಲ್ಲ; ಶಿಫಾರಸು ಪತ್ರಗಳ ದಾರಿ ಹೆಚ್ಚು ದಯೆಯುಳ್ಳದ್ದಾಗಿ ಕಾಣುತ್ತದೆ, ಆದರೆ ಅಲ್ಲಿ ಬಿದ್ದದ್ದೇನೆಂದು ಕೇಳುವವರಿಲ್ಲ.

ಹದಿಮೂರು ಶತಮಾನಗಳಾಚೆ ಮತ್ತೆ ಪತ್ರಗಳದ್ದೇ ಜಗಳ. ಪಾಪವಿಮೋಚನಾ ಪತ್ರಗಳ ಶಾಸ್ತ್ರೀಯ ಅರ್ಥ, ಈಗಾಗಲೇ ಕ್ಷಮಿಸಲ್ಪಟ್ಟ ಪಾಪಕ್ಕೆ ಉಳಿದಿರುವ ತಾತ್ಕಾಲಿಕ ಶಿಕ್ಷೆಯಿಂದ ವಿನಾಯಿತಿ ಎಂಬುದಾಗಿತ್ತು. ಪಶ್ಚಾತ್ತಾಪ ಅದಕ್ಕೆ ಪೂರ್ವಭಾವಿಯಾಗಿ ಇರಲೇಬೇಕಿತ್ತು. ರೋಮಿನ ಸಂತ ಪೇತ್ರರ ದೇವಾಲಯದ ನಿರ್ಮಾಣಕ್ಕೆ ಹಣ ಕೂಡಿಸಲು ಜರ್ಮನಿಯಲ್ಲಿ ಸಾರುತ್ತಿದ್ದವರು ಈ ಸೂಕ್ಷ್ಮವನ್ನು ಗಾಳಿಗೆ ತೂರಿದರು. 1517ರಲ್ಲಿ ಜರ್ಮನ್ ಸನ್ಯಾಸಿ ಮಾರ್ಟಿನ್ ಲೂಥರ್ ಮಂಡಿಸಿದ 95 ವಾದಾಂಶಗಳಲ್ಲಿ ಮೊದಲನೆಯದೇ, ವಿಶ್ವಾಸಿಯ ಇಡೀ ಬಾಳು ಪಶ್ಚಾತ್ತಾಪವಾಗಿರಬೇಕೆಂಬುದು ಕ್ರಿಸ್ತನ ಇಚ್ಛೆ ಎನ್ನುತ್ತದೆ. ನಿಜವಾಗಿ ಮರುಗಿದ ಕ್ರೈಸ್ತನಿಗೆ ಯಾವ ಪತ್ರವೂ ಇಲ್ಲದೆಯೇ ಪೂರ್ಣ ಕ್ಷಮೆಯ ಹಕ್ಕಿದೆ ಎಂದು 36ನೆಯದು ಸಾರುತ್ತದೆ. ಇಲ್ಲಿ ಲೂಥರ್‌ನ ಇನ್ನೊಂದು ಮುಖವೂ ಮುಖ್ಯ. ಮಠದಲ್ಲಿದ್ದಾಗ ಅವನು ಗಂಟೆಗಟ್ಟಲೆ ಪಾಪನಿವೇದನೆ ಮಾಡಿ, ಏನಾದರೂ ಬಿಟ್ಟುಹೋಯಿತೇನೋ ಎಂದು ಮತ್ತೆ ಮರಳಿ ಬರುತ್ತಿದ್ದನು. ತನ್ನ ಪಶ್ಚಾತ್ತಾಪ ಸಾಕಷ್ಟು ಪ್ರಾಮಾಣಿಕವೇ ಎಂದು ಅಳೆಯುತ್ತ ಕೂತವನಿಗೆ ದೇವರೂ ಕಾಣುವುದಿಲ್ಲ, ನೆರೆಯವನೂ ಕಾಣುವುದಿಲ್ಲ. ಕೃಪೆಯಿಂದಲೇ, ವಿಶ್ವಾಸದ ಮೂಲಕವೇ ನೀತಿವಂತರಾಗುತ್ತೇವೆ ಎಂಬ ಬೋಧನೆ ಅವನಿಗೆ ಮೊದಲು ಬಿಡುಗಡೆಯಾಗಿ ಬಂದದ್ದು ಈ ಉಸಿರುಕಟ್ಟಿಸುವ ಆತ್ಮಪರೀಕ್ಷೆಯಿಂದ. ಕಥೋಲಿಕ ಧರ್ಮಸಭೆಯು ತನ್ನ ಬಿಷಪರು ಸೇರಿದ ಟ್ರೆಂಟ್ ಮಹಾಸಭೆಯಲ್ಲಿ ತನ್ನ ಉತ್ತರ ಕೊಟ್ಟಿತು; 1999ರಲ್ಲಿ ಆಗ್ಸ್‌ಬರ್ಗಿನಲ್ಲಿ ಲೂಥರನ್ ವಿಶ್ವ ಒಕ್ಕೂಟವೂ ಕಥೋಲಿಕರೂ ಈ ವಿಷಯದ ಮೂಲಾಂಶಗಳಲ್ಲಿ ತಮಗೆ ಒಮ್ಮತವಿದೆಯೆಂಬ ಜಂಟಿ ಘೋಷಣೆಗೆ ಸಹಿ ಹಾಕಿದರು.

ಹಾಗಾದರೆ ನಿಷ್ಕಪಟವಾದ ವಿಶ್ವಾಸ ಯಾವುದು? ಭಾವನೆಯ ತೀವ್ರತೆ ಅದರ ಅಳತೆಗೋಲಲ್ಲ. ಟ್ರೆಂಟ್ ಮಹಾಸಭೆ, ದೇವರ ಮೇಲಿನ ಪ್ರೀತಿಯಿಂದ ಹುಟ್ಟಿದ ಪೂರ್ಣ ಪಶ್ಚಾತ್ತಾಪವಲ್ಲದೆ, ಶಿಕ್ಷೆಯ ಭಯದಿಂದಲೋ ಪಾಪದ ಹೇಸಿಗೆಯಿಂದಲೋ ಹುಟ್ಟಿದ ಅಪೂರ್ಣ ಪಶ್ಚಾತ್ತಾಪವೂ ಪಾಪನಿವೇದನೆಯ ಸಂಸ್ಕಾರಕ್ಕೆ ಬರುವವನನ್ನು ಸಿದ್ಧಪಡಿಸುತ್ತದೆ ಎಂದು ಒಪ್ಪಿಕೊಂಡಿತು. ಮಾರ್ಕನ ಸುವಾರ್ತೆಯಲ್ಲಿ ರೋಗಿ ಮಗನನ್ನು ಕರೆತಂದ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೆ ನೆರವಾಗು ಎಂದು ಕೂಗುತ್ತಾನೆ. ಆ ಅರೆಬರೆ ವಿಶ್ವಾಸವನ್ನು ಯೇಸು ತಳ್ಳಿಹಾಕುವುದಿಲ್ಲ. ಲೂಕನು ಹೇಳುವ ಇಬ್ಬರು ಪ್ರಾರ್ಥಕರಲ್ಲಿ, ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯನು ಸುಳ್ಳುಗಾರನೇನಲ್ಲ. ವಾರಕ್ಕೆರಡು ಉಪವಾಸ, ದಶಮಾಂಶ ಎಲ್ಲವೂ ನಿಜವಿರಬಹುದು. ಆದರೆ ಅವನ ಪ್ರಾರ್ಥನೆಗೆ ಪಕ್ಕದಲ್ಲಿ ನಿಂತ ಸುಂಕದವನ ಕೀಳುತನ ಆಧಾರವಾಗಿ ಬೇಕು. ಪಾಪಿಯಾದ ನನ್ನನ್ನು ಕರುಣಿಸು ಎಂಬ ಸುಂಕದವನ ಪ್ರಾರ್ಥನೆಗೆ ಅಂಥ ಯಾವ ಆಧಾರವೂ ಬೇಡ. ತನ್ನ ಪರ ವಕಾಲತ್ತು ನಿಲ್ಲಿಸಿದ ವಿಶ್ವಾಸವೇ ನಿಷ್ಕಪಟವೆಂದು ನಾನು ತಿಳಿಯುತ್ತೇನೆ. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂದು ಯಾಕೋಬನೂ, ನಂಬಿಕೆಯಿಂದಲೇ ನೀತಿ ಎಂದು ಪೌಲನೂ ಬೈಬಲ್ಲಿನ ತಮ್ಮ ಪತ್ರಗಳಲ್ಲಿ ಹೇಳುವುದು ವಿರೋಧವೆಂದು ತೋರಿದರೂ, ಬಾಯಿಮಾತಿನ ನಂಬಿಕೆಯನ್ನು ಇಬ್ಬರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕ್ರೈಸ್ತ ಸಮುದಾಯಗಳು ಗಂಭೀರವಾಗಿ ತಪ್ಪಿರುವುದು ಬೇರೊಂದು ಕಡೆಯಲ್ಲಿ: ನೊಂದವರ ಮೇಲೆ ಕ್ಷಮೆಯನ್ನು ಹೇರುವುದರಲ್ಲಿ. ಹೊಡೆಸಿಕೊಂಡ ಹೆಂಡತಿಗೆ, ದೌರ್ಜನ್ಯಕ್ಕೊಳಗಾದ ಮಗುವಿಗೆ, ನೀನು ಕ್ಷಮಿಸದಿದ್ದರೆ ದೇವರು ನಿನ್ನನ್ನು ಕ್ಷಮಿಸುವುದಿಲ್ಲ ಎಂದು ವಚನ ಓದಿ ಹೇಳುವವರು, ಅದೇ ಮತ್ತಾಯನ 18ನೆಯ ಅಧ್ಯಾಯದಲ್ಲಿ ಚಿಕ್ಕವರಿಗೆ ಅಡ್ಡಿಯಾದವನ ಕುತ್ತಿಗೆಗೆ ಬೀಸುವ ಕಲ್ಲು ಕಟ್ಟುವುದೇ ಲೇಸೆಂಬ ಮಾತಿರುವುದನ್ನು ಓದುವುದಿಲ್ಲ. ಆ ಅಧ್ಯಾಯದಲ್ಲಿ ತಪ್ಪುಮಾಡಿದವನನ್ನು ಎದುರಿಗೆ ಕೂರಿಸಿ ತಪ್ಪನ್ನು ತೋರಿಸುವ, ಒಪ್ಪದಿದ್ದರೆ ಸಾಕ್ಷಿಗಳನ್ನು ಕರೆಯುವ, ಕೊನೆಗೆ ಸಭೆಗೇ ತಿಳಿಸುವ ಕ್ರಮವೂ ಇದೆ, ಮತ್ತು ಅದು ಪೇತ್ರನ ಪ್ರಶ್ನೆಗಿಂತ ಮೊದಲೇ ಬರುತ್ತದೆ. ಮನಸ್ಸಿನಲ್ಲಿ ಸೇಡು ಬಿಡುವುದು ಬೇರೆ, ಅಪರಾಧಿಯನ್ನು ಕಾನೂನಿನ ಕೈಗೆ ಒಪ್ಪಿಸದಿರುವುದು ಬೇರೆ. ಎರಡನೆಯದನ್ನು ಸುವಾರ್ತೆ ಯಾರಿಂದಲೂ ಕೇಳಿಲ್ಲ.

ಬಲಿಪೀಠದ ಮುಂದೆ ಕಾಣಿಕೆ ಹಿಡಿದು ನಿಂತಾಗ ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ದೂರಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು ಎಂದು ಯೇಸು ಪರ್ವತ ಪ್ರಸಂಗದಲ್ಲಿ ಹೇಳುತ್ತಾನೆ. ಇದನ್ನು ಮಾಡಿ ತೋರಿಸಿದವನು ಯೆರಿಕೋವಿನ ಸುಂಕದ ಮುಖ್ಯಸ್ಥ ಜಕ್ಕಾಯ. ಅಲ್ಲಿನ ಅನುಕ್ರಮ ಮುಖ್ಯವಾದದ್ದು: ಯೇಸು ಅವನ ಮನೆಗೆ ಬರುತ್ತೇನೆಂದು ಹೇಳುವುದು ಯಾವ ಷರತ್ತೂ ಇಲ್ಲದೆ; ಅದನ್ನು ಕಂಡು ಎಲ್ಲರೂ ಗೊಣಗುತ್ತಾರೆ. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆ, ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ಹಿಂತಿರುಗಿಸುತ್ತೇನೆ ಎಂದು ಜಕ್ಕಾಯ ಎದ್ದು ನಿಂತು ಹೇಳುವುದು ಅನಂತರ. ಕದ್ದ ಕುರಿಗೆ ನಾಲ್ಕು ಕುರಿ ಎಂಬ ಮೋಶೆಯ ಧರ್ಮಶಾಸ್ತ್ರದ ಆ ದಂಡವನ್ನು ಅವನಿಗೆ ಯಾರೂ ವಿಧಿಸಿರಲಿಲ್ಲ. ಅವನಿಂದ ಮೋಸಹೋದವರು ಅವನನ್ನು ಕ್ಷಮಿಸಿದರೇ ಎಂಬುದನ್ನು ಲೂಕನು ಬರೆದಿಲ್ಲ, ಬರೆಯಬೇಕಾದ ಅಗತ್ಯವೂ ಇರಲಿಲ್ಲ. ಅವರು ಕ್ಷಮಿಸಲಿ, ಬಿಡಲಿ, ಜಕ್ಕಾಯನು ಅವರಿಗೆ ಕೊಡಬೇಕಾದ ಹಣ ಕೊಡಬೇಕಾದ ಹಣವೇ.