ಟಿಪ್ಪು ರಾಕೆಟ್‌ನ ತುಕ್ಕು ತಿಕ್ಕಿದರೆ ಏನಾಗುತ್ತೆ?

ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಬ್ಬರು ಕೇಳಿದ್ದರು: "ಶಿವಮೊಗ್ಗ ಮ್ಯೂಸಿಯಂಗೆ ಹೋಗಿದ್ದೆ ಸಾರ್, ಟಿಪ್ಪು ರಾಕೆಟ್ ಎಲ್ಲಾ ಬರೀ ತುಕ್ಕು. ಉಜ್ಜಿ ಫಳಫಳ ಅನ್ನೋ ಹಾಗೆ ಇಡೋಕೆ ಏನ್ ಕಷ್ಟ?" ಮೊದಲು ನಕ್ಕೆ. ಆಮೇಲೆ ನೋಡಿದರೆ ಉತ್ತರ ನನಗೂ ಗೊತ್ತಿರಲಿಲ್ಲ.

ಹಿನ್ನೆಲೆ ಬೇಗ ಮುಗಿಸುತ್ತೇನೆ. ಹೊಸನಗರ ತಾಲ್ಲೂಕಿನ ನಗರ, ಅಂದರೆ ಹಳೇ ಬಿದನೂರು, ಕೆಳದಿ ನಾಯಕರಿಂದ 1763ರಲ್ಲಿ ಹೈದರ್ ಕೈ ಸೇರಿದ ಊರು. 2002ರಲ್ಲಿ ಅಲ್ಲಿನ ಬಾವಿಯೊಂದರಲ್ಲಿ ಸುಮಾರು 160 ಕಬ್ಬಿಣದ ಕೊಳವೆ ಸಿಕ್ಕವು. ಫಿರಂಗಿ ಗುಂಡು (ಶೆಲ್) ಇರಬೇಕು ಅಂತ ಎತ್ತಿಟ್ಟರು! ರಾಕೆಟ್ ಅಂತ ಗೊತ್ತಾಗಿದ್ದು ವರ್ಷಗಳ ಮೇಲೆ. 2018ರಲ್ಲಿ ಪುರಾತತ್ವ ಇಲಾಖೆಯವರು ಬಾವಿ ಅಗೆದಾಗ ಸಿಕ್ಕಿದ್ದು ಸಾವಿರಕ್ಕೂ ಜಾಸ್ತಿ. ಬಾವಿಯ ಮಣ್ಣೇ ಮದ್ದಿನ ವಾಸನೆ ಹೊಡೆಯುತ್ತಿತ್ತಂತೆ, ದೀಪಾವಳಿ ಮಾರನೇ ದಿನದ ಬೀದಿ ಥರ.

[ಕೊಳವೆಯ ಹತ್ತಿರದ ಚಿತ್ರ]

ನೋಡಿ, ಒಂದು ಗೇಣು ಉದ್ದ, ಅಷ್ಟೇ. ಇದಕ್ಕೆ ಬಿದಿರಿನ ಗಳು ಕಟ್ಟಿ ಹಾರಿಸುತ್ತಿದ್ದರು. ಈ ಒರಟು ಪದರ ಇದೆಯಲ್ಲ, ಅದು ಸುಮ್ನೆ ಕೊಳೆ ಅಲ್ಲ. ಮಣ್ಣಲ್ಲಿ ಕೂತ ಕಬ್ಬಿಣ ತುಕ್ಕಾಗುತ್ತಾ ಹೋದಾಗ ಕಮ್ಮಾರ ತಟ್ಟಿದ ಮೂಲ ಮೈಯ ಗುರುತು ಆ ತುಕ್ಕಿನ ಒಳಗೇ ಉಳಿದಿರುತ್ತದೆ. ಉಜ್ಜಿದರೆ ಮೊದಲು ಹೋಗುವುದೇ ಅದು. ಹುಣಸೆಹಣ್ಣು ಹಾಕಿ ತಿಕ್ಕಲು ಇದೇನು ಹಬ್ಬದ ಹಿತ್ತಾಳೆ ದೀಪವಾ?

ಹಾಗಾದರೆ ಮ್ಯೂಸಿಯಂಗಳಲ್ಲಿ ಇಂಥ ಕಬ್ಬಿಣಕ್ಕೆ ಏನು ಮಾಡುತ್ತಾರೆ? ಮೊದಲು ಒಳಗೆ ಸೇರಿದ ಉಪ್ಪಿನಂಶ ತೆಗೆಯುತ್ತಾರೆ, ಇಲ್ಲದಿದ್ದರೆ ಗಾಳಿ ತಾಗಿದ ಮೇಲೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಆಮೇಲೆ ಅನೇಕ ಕಡೆ ಹಚ್ಚುವುದು ಟ್ಯಾನಿಕ್ ಆಸಿಡ್. ಹೆಸರು ಕೇಳಿ ಹೆದರಬೇಡಿ, ಅದು ಒಗರು, ನಮ್ಮ ನಾಲಿಗೆಗೆ ಗೊತ್ತಿರುವ ಅದೇ ಒಗರು. ಬಾಳೆಕಾಯಿ ಹೆಚ್ಚಿದ ಕಬ್ಬಿಣದ ಕತ್ತಿಯನ್ನು ಒರೆಸದೆ ಬಿಟ್ಟು ಅಮ್ಮನ ಹತ್ತಿರ ಬೈಸಿಕೊಂಡಿದ್ದೀರಾ? ಆ ಕಪ್ಪೇ ಇದು. ಹಿಂದೆ ಅಳಲೆಕಾಯಿ, ಅನ್ನಭೇದಿ (ಕಬ್ಬಿಣದ ಒಂದು ಲವಣ) ಸೇರಿಸಿ ಮಸಿ ಮಾಡುತ್ತಿದ್ದರಲ್ಲ, ಅದರ ಗುಟ್ಟೂ ಇದೇ. ಒಗರು ತುಕ್ಕಿನ ಜೊತೆ ಸೇರಿ ಗಟ್ಟಿಯಾದ ನೀಲಿಗಪ್ಪು ಪದರವಾಗುತ್ತದೆ. ಹೊಸನಗರದ ಅಡಿಕೆ ಬೇಯಿಸುವ ಹಂಡೆಯಲ್ಲಿ ಕುದಿಯುವ ಚೊಗರಿನಲ್ಲೂ ಇರುವುದು ಇದೇ ಒಗರು! ಬಾವಿಯೂ ಅಲ್ಲೇ, ತುಕ್ಕಿನ ಔಷಧಿಯೂ ಅಲ್ಲೇ. (ಹಾಗಂತ ಮ್ಯೂಸಿಯಂಗೆ ಚೊಗರು ಹಿಡಿದುಕೊಂಡು ಹೋಗಬೇಡಿ.)

ಟೈಮ್ ಆಯಿತು, ಉಳಿದದ್ದು ಒಟ್ಟಿಗೆ. ಮೇಲೆ ಮೇಣ ಹಚ್ಚಿ, ತೇವ ಇಲ್ಲದ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕು. ಮಲೆನಾಡಿನ ಮಳೆಗಾಲದಲ್ಲಿ ಇದು ಹೇಳಿದಷ್ಟು ಸುಲಭ ಅಲ್ಲ. ಇನ್ನು "ನನಗೂ ಒಂದು ಸಿಕ್ಕರೆ ಶೋಕೇಸಲ್ಲಿ ಇಡ್ತೀನಿ" ಅನ್ನುವವರಿಗೆ: ಕರ್ನಾಟಕದ 1962ರ ನಿಧಿ ಕಾಯ್ದೆ ಪ್ರಕಾರ ನೆಲದಲ್ಲಿ ಹುದುಗಿದ್ದ ವಸ್ತುವಿನ ಬೆಲೆ 10 ರೂಪಾಯಿ ದಾಟಿದರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. 10 ರೂಪಾಯಿ ಸ್ವಾಮಿ, ಈಗ ಅದರಲ್ಲಿ ಒಳ್ಳೆ ಟೀ ಬರಲ್ಲ! ಹೂಳು ತೆಗೆಸುವಾಗ ಇಂಥ ಕೊಳವೆ ಕಂಡರೆ ಗುದ್ದಲಿ ಪಕ್ಕಕ್ಕಿಡಿ. ಒಳಗಿನ ಮದ್ದು ಒಣಗಿದರೆ ಮತ್ತೆ ಹೊತ್ತಿಕೊಳ್ಳಬಹುದು, ಬೀಡಿ ಇನ್ನೂ ದೂರ ಇಡಿ.