ಸಾಲಾಗಿ ನಿಲ್ಲಿಸಬೇಡಿ, ಕೆಲಸ ಮಾಡಲು ಬಿಡಿ

ಕೇಳುಗರಿಗೆ ನಮಸ್ಕಾರ.

ಯಾವುದಾದರೂ ಸ್ವಯಂಸೇವಕರ ತಂಡದ ಹಳೆಯ ಫೋಟೋಗಳನ್ನು ಒಮ್ಮೆ ತೆಗೆದು ನೋಡಿ. ಬಹಳಷ್ಟು ಒಂದೇ ತರಹ ಇರುತ್ತವೆ. ಎಲ್ಲರೂ ಸಾಲಾಗಿ ನಿಂತಿರುತ್ತಾರೆ. ಮುಂದೆ ಒಂದು ಬ್ಯಾನರ್. ತುದಿಯಲ್ಲಿ ನಿಂತವರ ಅರ್ಧ ಮುಖ ಮಾತ್ರ ಕಾಣುತ್ತದೆ. ಇವರು ನದಿ ದಂಡೆ ಸ್ವಚ್ಛ ಮಾಡಿದರೋ, ರಕ್ತದಾನ ಶಿಬಿರ ನಡೆಸಿದರೋ, ಮಕ್ಕಳಿಗೆ ಪಾಠ ಹೇಳಿಕೊಟ್ಟರೋ? ಬ್ಯಾನರ್ ಓದದೆ ಗೊತ್ತಾಗುವುದಿಲ್ಲ. ಬೆಳಗ್ಗೆಯಿಂದ ಬೆವರು ಸುರಿಸಿ ಮಾಡಿದ ಕೆಲಸ ಒಂದೂ ಫೋಟೋದಲ್ಲಿ ಇಲ್ಲ. ಕೆಲಸ ಮುಗಿದ ಮೇಲಿನ ಎರಡು ನಿಮಿಷ ಮಾತ್ರ ಇದೆ.

ಇದು ಫೋಟೋ ತೆಗೆದವರ ತಪ್ಪು ಅಂತ ನಾನು ಹೇಳುವುದಿಲ್ಲ. ಅವರೂ ಸ್ವಯಂಸೇವಕರೇ. ಯಾರೋ ಒಬ್ಬರು "ನೀನು ಫೋಟೋ ಚೆನ್ನಾಗಿ ತೆಗೀತೀಯಲ್ಲ, ಸ್ವಲ್ಪ ನೋಡ್ಕೋ" ಅಂದಿರುತ್ತಾರೆ. ಅಷ್ಟಕ್ಕೇ ತಂಡದ ಅಧಿಕೃತ ಛಾಯಾಗ್ರಾಹಕರ ನೇಮಕ ಮುಗಿಯಿತು! ಕೈಯಲ್ಲಿ ಒಂದು ಫೋನು, ಇಲ್ಲವೇ ಮನೆಯಲ್ಲಿದ್ದ ಹಳೇ ಕ್ಯಾಮೆರಾ. ಇವತ್ತಿನ ಮಾತು ಅಂಥ ಹವ್ಯಾಸಿಗಳಿಗಾಗಿ.

ರೇಡಿಯೋದಲ್ಲಿ ಕೂತು ಫೋಟೋ ಬಗ್ಗೆ ಮಾತಾಡುವುದು ಸ್ವಲ್ಪ ವಿಚಿತ್ರವೇ. ತೋರಿಸಲು ಆಗುವುದಿಲ್ಲ. ಹಾಗಾಗಿ ನೀವೇ ಒಂದು ಫೋಟೋ ಕಲ್ಪಿಸಿಕೊಳ್ಳಿ.

ಒಂದು ಗ್ರಂಥಾಲಯ. ಹರಿದ ಪುಸ್ತಕಗಳನ್ನು ಸರಿಮಾಡಲು ವಯಸ್ಸಾದ ಮಹಿಳೆಯೊಬ್ಬರು ಬಂದಿದ್ದಾರೆ. ಎಡಗೈಯಲ್ಲಿ ಹಾಳೆಗಳನ್ನು ಒತ್ತಿ ಹಿಡಿದಿದ್ದಾರೆ. ಬಲಗೈಯಲ್ಲಿ ತೆಳ್ಳಗಿನ ಬ್ರಶ್. ಪುಸ್ತಕದ ಬೆನ್ನಿಗೆ ಅಂಟು ಬಳಿಯುತ್ತಿದ್ದಾರೆ. ಹೆಬ್ಬೆರಳ ಮೇಲೆ ಒಣಗಿದ ಅಂಟಿನ ಬಿಳಿ ಪದರ. ಕನ್ನಡಕ ಮೂಗಿನ ತುದಿಗೆ ಜಾರಿದೆ. ಪಕ್ಕದಲ್ಲಿ ಆಗಲೇ ಅಂಟಿಸಿದ ಪುಸ್ತಕಗಳು, ಒಂದೊಂದಕ್ಕೂ ರಬ್ಬರ್ ಬ್ಯಾಂಡ್ ಬಿಗಿದಿದೆ.

ಈಗ ಕ್ಯಾಮೆರಾ ನಿಮ್ಮ ಕೈಯಲ್ಲಿದೆ. ಅವರ ಎದುರಿಗೆ ನಿಂತು ಮುಖ ಮಾತ್ರ ತೆಗೆದರೆ ಏನು ಸಿಗುತ್ತದೆ? ತಲೆ ತಗ್ಗಿಸಿದ ಒಬ್ಬ ಮಹಿಳೆ. ಕೈ ಮಾತ್ರ ತೆಗೆದರೆ ಅಂಟಿನ ಜಾಹೀರಾತು. ಎದುರಿನಿಂದ ಸ್ವಲ್ಪ ಪಕ್ಕಕ್ಕೆ ಬನ್ನಿ. ಮಂಡಿ ಬಗ್ಗಿಸಿ ಮೇಜಿನ ಎತ್ತರಕ್ಕೆ ಇಳಿಯಿರಿ. ಕಿಟಕಿ ಅವರ ಪಕ್ಕಕ್ಕೆ ಬರಲಿ, ಬೆನ್ನಿಗೆ ಬೇಡ. ಆಗ ಮುಖ, ಕೈ, ಮುಗಿದ ಪುಸ್ತಕಗಳ ರಾಶಿ, ಮೂರೂ ಒಂದೇ ಫ್ರೇಮಿನಲ್ಲಿ ಬರುತ್ತವೆ. ಯಾರು, ಏನು ಮಾಡುತ್ತಿದ್ದಾರೆ, ಎಷ್ಟು ಮಾಡಿದ್ದಾರೆ, ಎಲ್ಲ ಕಾಣುತ್ತದೆ. ಬ್ಯಾನರ್ ಬೇಕಾಗುವುದಿಲ್ಲ.

ಇನ್ನೊಂದು ವಿಷಯ, ಕೆಲಸಕ್ಕೆ ಅದರದೇ ಲಯ ಇರುತ್ತದೆ. ನೆರೆ ಬರುವ ಮುನ್ನ ಮರಳಿನ ಚೀಲಗಳನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಅದನ್ನು ಗಮನಿಸಿ. ಒಬ್ಬರು ಕೊಡುತ್ತಾರೆ, ಇನ್ನೊಬ್ಬರು ತಗೊಳ್ಳುತ್ತಾರೆ. ನಡುವೆ ಒಂದು ಕ್ಷಣ ಒಂದೇ ಚೀಲದ ಮೇಲೆ ನಾಲ್ಕು ಕೈಗಳಿರುತ್ತವೆ. ಕೊಟ್ಟವರು ಇನ್ನೂ ಬಿಟ್ಟಿಲ್ಲ, ತಗೊಂಡವರಿಗೆ ಭಾರ ಈಗಷ್ಟೇ ಗೊತ್ತಾಗಿದೆ. ಫೋಟೋ ಇರುವುದು ಅಲ್ಲಿ. ಒಂದು ತಪ್ಪಿದರೂ ಚಿಂತೆಯಿಲ್ಲ, ಹಿಂದೆಯೇ ಇನ್ನೊಂದು ಚೀಲ ಬರುತ್ತದೆ. ಇಂಥ ಕೆಲಸದ ದೊಡ್ಡ ಅನುಕೂಲ ಇದು. ಮೊದಲು ಸುಮ್ನೆ ನಿಂತು ನೋಡಿ. ಲಯ ಹಿಡಿದ ಮೇಲೆ ಕ್ಲಿಕ್ಕಿಸಿ. ಶಟರ್ ವೇಗ, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು, ಸೆಕೆಂಡಿನ 1/250 ಭಾಗಕ್ಕೆ ಇಟ್ಟರೆ ಚೀಲ ದಾಟಿಸುವ ಕೈ ಬಹುಮಟ್ಟಿಗೆ ನಿಲ್ಲುತ್ತದೆ. ಓಡುವವರಿದ್ದರೆ 1/500. ಅಂಟು ಬಳಿಯುವ ಕೈಗೆ 1/125 ಧಾರಾಳ.

ಕೆಲವರು "ಇನ್ನೊಮ್ಮೆ ಎತ್ತಿ, ಈ ಕಡೆ ನೋಡಿ, ನಗಿ" ಅಂತ ಹೇಳುತ್ತಾರೆ. ನನಗೆ ಇದು ಸರಿ ಅನಿಸುವುದಿಲ್ಲ. ಒಮ್ಮೆ ಹಾಗೆ ಹೇಳಿದರೆ ಮುಗಿಯಿತು. ಆಮೇಲೆ ನಿಮ್ಮನ್ನು ಕಂಡ ಕೂಡಲೇ ಅವರು ಕೆಲಸ ನಿಲ್ಲಿಸಿ ನಟಿಸಲು ಶುರು ಮಾಡುತ್ತಾರೆ. ಅದಕ್ಕಿಂತ ಹೋದ ಕೂಡಲೇ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ನೀವೂ ಕೆಲಸ ಮಾಡಿ. ಎರಡು ಚೀಲ ಎತ್ತಿ. ನೀವೂ ತಮ್ಮವರೇ ಅನಿಸಿದ ಮೇಲೆ ಕ್ಯಾಮೆರಾ ಯಾರ ಗಮನಕ್ಕೂ ಬರುವುದಿಲ್ಲ. ಈ ಅನುಕೂಲ ದುಡ್ಡು ಕೊಟ್ಟು ಕರೆಸಿದ ವೃತ್ತಿಪರರಿಗೆ ಇಲ್ಲ. ಅವರ ಲೆನ್ಸ್ ದೊಡ್ಡದು, ನಿಜ. ಆದರೆ ನಿಮ್ಮ ಪರಿಚಯ ಹಳೆಯದು.

ಈಗ ಬೆಳಕಿನ ಮಾತು. ಹೊರಗಡೆ ಕಷ್ಟ ಕಡಿಮೆ. ಸಮಸ್ಯೆ ಎಲ್ಲ ಸಭಾಂಗಣದ ಒಳಗೆ. ಮೇಲೆ ಟ್ಯೂಬ್‌ಲೈಟು ಇಲ್ಲವೇ ಅಗ್ಗದ ಎಲ್‌ಇಡಿ. ಫೋಟೋದಲ್ಲಿ ಅಡ್ಡಡ್ಡ ಕಪ್ಪು ಪಟ್ಟೆಗಳು ಬಂದದ್ದನ್ನು ನೋಡಿರುತ್ತೀರಿ, ಅಲ್ವಾ? ಕ್ಯಾಮೆರಾ ಕೆಟ್ಟಿಲ್ಲ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಇಂಥ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಮ್ಮ ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಚಿತ್ರವನ್ನು ಸಾಲು ಸಾಲಾಗಿ ಓದುವ ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಶಟರ್ ವೇಗವನ್ನು 1/100ಕ್ಕೋ 1/50ಕ್ಕೋ ಇಳಿಸಿದರೆ ಪಟ್ಟೆ ಸಾಮಾನ್ಯವಾಗಿ ಮಾಯವಾಗುತ್ತದೆ. ವಿದ್ಯುತ್ತು 60 ಹರ್ಟ್ಸ್ ಇರುವ ದೇಶಗಳಲ್ಲಾದರೆ 1/120 ಅಥವಾ 1/60. ಕತ್ತಲೆ ಅನಿಸಿದರೆ ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಅದನ್ನು 1600, 3200ರವರೆಗೂ ಏರಿಸಿ. ಚಿತ್ರ ಸ್ವಲ್ಪ ತರಿತರಿಯಾಗುತ್ತದೆ, ಆಗಲಿ. ತರಿತರಿಯಾದ ಚಿತ್ರದಲ್ಲಿ ಮನುಷ್ಯ ಕಾಣುತ್ತಾನೆ. ಶೇಕ್ ಆದ ಚಿತ್ರದಲ್ಲಿ ಏನೂ ಕಾಣುವುದಿಲ್ಲ.

ಫ್ಲ್ಯಾಶ್ ಮಾತ್ರ ಆದಷ್ಟು ಬೇಡ. ಪ್ರಥಮ ಚಿಕಿತ್ಸೆ ಮಾಡುತ್ತಿರುವವರ ಕಣ್ಣಿಗೆ ಬೆಳಕು ಹೊಡೆದರೆ ಹೇಗೆ? ಫ್ಲ್ಯಾಶಿನ ಕಥೆ ಬಂದಾಗ ಜೇಕಬ್ ರೀಸ್ ನೆನಪಾಗುತ್ತಾರೆ. 1880ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಬಡವರ ಕಿಕ್ಕಿರಿದ ಮನೆಗಳ ಫೋಟೋ ತೆಗೆದವರು ಇವರು. ಆಗ ಫ್ಲ್ಯಾಶ್ ಅಂದರೆ ಮೆಗ್ನೀಸಿಯಂ ಪುಡಿ. ಅದಕ್ಕೆ ಬೆಂಕಿ ಹಚ್ಚಬೇಕಿತ್ತು. ಈ ಗಡಿಬಿಡಿಯಲ್ಲಿ ಮನೆಗೂ ಬೆಂಕಿ ಹತ್ತಿಸಿದ್ದಾರೆ, ಒಮ್ಮೆ ತಮಗೂ ಹತ್ತಿಸಿಕೊಂಡಿದ್ದಾರೆ. ಅವರ ಚಿತ್ರಗಳಿಂದ ನಗರದ ವಸತಿ ಸುಧಾರಣೆಗೆ ಬಲ ಬಂತು, ಅದು ನಿಜ. ಆದರೆ ರಾತ್ರಿ ಹೊತ್ತು ಹೇಳದೆ ಕೇಳದೆ ಒಳಗೆ ನುಗ್ಗಿ, ಮಲಗಿದ್ದವರ ಮುಖಕ್ಕೆ ಬೆಳಕು ಬಿಟ್ಟದ್ದೂ ನಿಜ.

ನಮ್ಮ ಫೋಟೋಗಳಲ್ಲಿ ನನಗೆ ಜಾಸ್ತಿ ಕಸಿವಿಸಿ ಆಗುವುದು ಈ ವಿಷಯದಲ್ಲೇ. ಸಹಾಯದ ಪೊಟ್ಟಣ ಹಂಚುವ ಫೋಟೋ ನೋಡಿ. ಕೊಡುವವರು ಕ್ಯಾಮೆರಾ ನೋಡಿ ನಗುತ್ತಿರುತ್ತಾರೆ. ತಗೊಳ್ಳುವವರು ನೆಲ ನೋಡುತ್ತಿರುತ್ತಾರೆ. ಇಬ್ಬರ ಕೈಯೂ ಒಂದೇ ಪೊಟ್ಟಣದ ಮೇಲೆ. ತೆಗೆಯುವುದು ತಡವಾಯಿತು ಅಂತ ತಗೊಳ್ಳುವವರು ಕೈ ಚಾಚಿಕೊಂಡೇ ನಿಂತಿರಬೇಕು. ಆ ಮನುಷ್ಯನಿಗೆ ಕಷ್ಟ ಬಂದಿದೆ, ಸಹಾಯ ಬೇಕಾಗಿದೆ. ಫೋಟೋ ಬೇಕು ಅಂತ ಅವರು ಕೇಳಿಲ್ಲ. ಅವರ ಮುಖ ಇಲ್ಲದೆಯೂ ಕಥೆ ಹೇಳಬಹುದು. ಅವರ ಹಿಂದೆ ಹೋಗಿ ನಿಂತು, ಹೆಗಲ ಮೇಲಿನಿಂದ ಸ್ವಯಂಸೇವಕರ ಮುಖ ತೆಗೆಯಿರಿ. ಅಥವಾ ಅದಕ್ಕೂ ಮೊದಲಿನ ಕೆಲಸ ತೆಗೆಯಿರಿ: ಪೊಟ್ಟಣ ಕಟ್ಟುವುದು, ಪಟ್ಟಿ ಬರೆಯುವುದು, ಗಾಡಿಗೆ ತುಂಬುವುದು. ನಮ್ಮ ವಿಷಯ ಸ್ವಯಂಸೇವಕರು ತಾನೇ?

ಒಪ್ಪಿಗೆಯನ್ನು ಸ್ವಯಂಸೇವಕರಿಂದಲೂ ಕೇಳಬೇಕು. ಬಂದವರೆಲ್ಲ ಫೋಟೋಗೆ ತಯಾರಿರುವುದಿಲ್ಲ. ಯಾವುದೋ ಹಿಂಸೆಯಿಂದ ತಪ್ಪಿಸಿಕೊಂಡು ಬೇರೆ ಕಡೆ ಬಂದು ನೆಲೆಸಿದವರಿರಬಹುದು. ಎಲ್ಲಿದ್ದಾರೆ ಅಂತ ಗೊತ್ತಾಗುವುದೇ ಅವರಿಗೆ ಅಪಾಯ. ಆಫೀಸಿಗೆ ಹುಷಾರಿಲ್ಲ ಅಂತ ಹೇಳಿ ಬಂದವರೂ ಇರಬಹುದು, ಅವರ ಸಂಕಟ ಬೇರೆ! ಕಾರಣ ಕೇಳಲು ಹೋಗಬೇಡಿ. ಬೆಳಗ್ಗೆ ಎಲ್ಲರೂ ಸೇರಿದಾಗಲೇ ಹೇಳಿ: "ಇವತ್ತು ಫೋಟೋ ತೆಗೆಯುತ್ತೇನೆ, ಬೇಡ ಅನ್ನುವವರು ಈ ಬಣ್ಣದ ರಿಬ್ಬನ್ ಕಟ್ಟಿಕೊಳ್ಳಿ." ಮಕ್ಕಳಿದ್ದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕೇ ಬೇಕು. ಫೋನಿನ ಕ್ಯಾಮೆರಾದಲ್ಲಿ ಸ್ಥಳದ ಮಾಹಿತಿ ಆನ್ ಆಗಿದ್ದರೆ ಪ್ರತಿ ಫೋಟೋದ ಒಳಗೂ ಜಾಗದ ಅಕ್ಷಾಂಶ, ರೇಖಾಂಶ ಸೇರಿಕೊಳ್ಳುತ್ತದೆ. ಯಾರದೋ ಮನೆಯೊಳಗೆ ಸೇವೆ ನಡೆಯುತ್ತಿದ್ದರೆ ಅದನ್ನು ಆಫ್ ಮಾಡಿ.

ಇಷ್ಟೆಲ್ಲ ಹೇಳಿದೆ ಅಂತ ಗ್ರೂಪ್ ಫೋಟೋ ತೆಗೆಯಲೇಬೇಡಿ ಅಂತಲ್ಲ. ತೆಗೆಯದಿದ್ದರೆ ತಂಡದವರು ನಿಮ್ಮನ್ನು ಬಿಡುವುದೂ ಇಲ್ಲ. ತೆಗೆಯಿರಿ. ಆದರೆ ಕೈ ತೊಳೆದು, ಬಟ್ಟೆ ಬದಲಿಸಿದ ಮೇಲೆ ಬೇಡ. ಕೆಲಸ ನಡೆದ ಜಾಗದಲ್ಲೇ, ಕೈಯಲ್ಲಿ ಗುದ್ದಲಿ, ಕೈಗವಸು, ಚೀಲ ಇರುವಾಗಲೇ ತೆಗೆಯಿರಿ. ಫೋನಿನ ಸಾಮಾನ್ಯ ಲೆನ್ಸ್ ವೈಡ್ ಆಗಿರುತ್ತದೆ. ಹತ್ತಿರ ನಿಂತು ತೆಗೆದರೆ ಅಂಚಿನಲ್ಲಿ ನಿಂತವರ ಮುಖ ಎಳೆದಂತಾಗುತ್ತದೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ, ಅಂಚಿನಲ್ಲಿ ಜಾಗ ಬಿಡಿ.

ಇನ್ನು ಕಣ್ಣು ಮುಚ್ಚುವವರು. ಇದಕ್ಕೆ ಲೆಕ್ಕಾಚಾರವೇ ಇದೆ. ಆಸ್ಟ್ರೇಲಿಯಾದ ಸಿಎಸ್ಐಆರ್‌ಒ ವಿಜ್ಞಾನ ಸಂಶೋಧನಾ ಸಂಸ್ಥೆಯ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಇದನ್ನು ಲೆಕ್ಕ ಹಾಕಿ, 2006ರಲ್ಲಿ ಗಣಿತದ ಇಗ್ ನೊಬೆಲ್ ಪಡೆದರು. ಅದು ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಬಹುಮಾನ. ಅವರ ಸೂತ್ರ ಸುಲಭ. ಗುಂಪಿನಲ್ಲಿ 20ಕ್ಕಿಂತ ಕಡಿಮೆ ಜನ ಇದ್ದು ಬೆಳಕು ಚೆನ್ನಾಗಿದ್ದರೆ, ಜನರ ಸಂಖ್ಯೆಯನ್ನು ಮೂರರಿಂದ ಭಾಗಿಸಿ. ಅಷ್ಟು ಫೋಟೋ ತೆಗೆದರೆ ಒಂದರಲ್ಲಾದರೂ ಎಲ್ಲರ ಕಣ್ಣು ತೆರೆದಿರುವ ಸಾಧ್ಯತೆ ಬಹಳ. ಬೆಳಕು ಕಡಿಮೆ ಇದ್ದರೆ ಎರಡರಿಂದ ಭಾಗಿಸಿ. 15 ಜನ ಬಿಸಿಲಲ್ಲಿ ನಿಂತರೆ ಐದು ಫೋಟೋ. "ಒಂದು ಸಾಕು, ಬಿಡಿ" ಅನ್ನುವವರಿಗೆ ಈ ಲೆಕ್ಕ ಹೇಳಿ.

ಸಂಜೆ ಮನೆಗೆ ಬಂದಿರಿ. ದಣಿವಾಗಿದೆ. ಆದರೆ ಒಂದು ಕೆಲಸ ಅವತ್ತೇ ಆಗಬೇಕು. ಫೋಟೋದಲ್ಲಿ ಯಾರಿದ್ದಾರೆ, ಏನು ಮಾಡುತ್ತಿದ್ದರು ಅಂತ ಬರೆದಿಡುವುದು. ಅಮೆರಿಕದ ಲೂಯಿಸ್ ಹೈನ್ ಶಾಲಾ ಮಾಸ್ತರರಾಗಿದ್ದವರು. 1908ರಿಂದ ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಗಾಗಿ ಕಾರ್ಖಾನೆ, ಗಣಿಗಳಲ್ಲಿ ದುಡಿಯುವ ಮಕ್ಕಳ ಫೋಟೋ ತೆಗೆದರು. ಮಕ್ಕಳ ಎತ್ತರವನ್ನು ತಮ್ಮ ಅಂಗಿಯ ಗುಂಡಿಗಳಿಗೆ ಹೋಲಿಸಿ ಅಳೆದುಕೊಳ್ಳುತ್ತಿದ್ದರು. ಜೇಬಿನೊಳಗೇ ಕೈ ಇಟ್ಟು, ಕಾಣದಂತೆ ಟಿಪ್ಪಣಿ ಗೀಚಿಕೊಳ್ಳುತ್ತಿದ್ದರು. ಆ ಟಿಪ್ಪಣಿ ಇದ್ದದ್ದರಿಂದಲೇ ಅವರ ಫೋಟೋಗಳನ್ನು ಸುಳ್ಳು ಅನ್ನುವುದು ಕಷ್ಟವಾಯಿತು.

ಇದರ ಉಲ್ಟಾ ಉದಾಹರಣೆಯೂ ಇದೆ. 1936ರಲ್ಲಿ ಡೊರೊಥಿಯಾ ಲ್ಯಾಂಗ್ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ವಲಸೆ ಕಾರ್ಮಿಕ ತಾಯಿಯ ಫೋಟೋ ತೆಗೆದರು. ಜಗತ್ತೆಲ್ಲ ನೋಡಿದ ಫೋಟೋ ಅದು. ಆದರೆ ಆಕೆಯ ಹೆಸರು ಕೇಳಿರಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಹೆಸರು ಜನರಿಗೆ ತಿಳಿದದ್ದು 1970ರ ದಶಕದ ಕೊನೆಗೆ. ಆ ಫೋಟೋದಿಂದ ತನಗೆ ಏನೂ ಸಿಗಲಿಲ್ಲ ಎಂಬ ಬೇಸರ ಆಕೆಗಿತ್ತು. ನಮ್ಮ ಫೋಟೋ ಜಗತ್ಪ್ರಸಿದ್ಧ ಆಗದಿರಬಹುದು. ಆದರೂ ಐದು ವರ್ಷದ ನಂತರ "ಇದು ಯಾರು?" ಅಂತ ಕೇಳಿದರೆ ಹೇಳಲು ಒಂದು ಹೆಸರು ಬೇಕಲ್ಲ.

ಆಮೇಲೆ ಆರಿಸುವ ಕೆಲಸ. ಇನ್ನೂರು ಫೋಟೋ ಕಳಿಸಿದರೆ ಯಾರೂ ನೋಡುವುದಿಲ್ಲ. ಹದಿನೈದು ಸಾಕು. ಬಾಯಿ ತೆರೆದು ಆಕಳಿಸುತ್ತಿರುವವರ ಫೋಟೋ ಎಷ್ಟೇ ತಮಾಷೆ ಅನಿಸಿದರೂ ಅಳಿಸಿಬಿಡಿ. ಮೆಸೇಜ್ ಆ್ಯಪ್‌ಗಳಲ್ಲಿ ಫೋಟೋ ಕಳಿಸಿದರೆ ಅದು ಕುಗ್ಗಿಹೋಗುತ್ತದೆ, ಆದ್ದರಿಂದ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಲ್ಡರಿಗೆ ವರ್ಷ, ತಿಂಗಳು, ದಿನ, ಕೆಲಸದ ಹೆಸರು ಕೊಡಿ. ಡಿಸೆಂಬರ್ 5 ಅಂತರರಾಷ್ಟ್ರೀಯ ಸ್ವಯಂಸೇವಕರ ದಿನ. ವಿಶ್ವಸಂಸ್ಥೆ 1985ರಲ್ಲಿ ಗೊತ್ತುಮಾಡಿದ್ದು. ಆ ದಿನ ಹತ್ತಿರ ಬಂದಾಗ ತಂಡದವರಿಗೆ ಇದ್ದಕ್ಕಿದ್ದಂತೆ ಫೋಟೋ ನೆನಪಾಗುತ್ತದೆ. "ಹೋದ ವರ್ಷದ್ದು ಇದೆಯಾ?" ಅಂತ ರಾತ್ರಿ ಫೋನು ಬರುತ್ತದೆ. ಫೋಲ್ಡರ್ ಸರಿಯಾಗಿದ್ದರೆ ನೀವು ನೆಮ್ಮದಿಯಾಗಿ ಮಲಗಬಹುದು.

ಸಾಧ್ಯವಾದರೆ ಕೆಲವನ್ನು ಪ್ರಿಂಟ್ ಹಾಕಿಸಿ, ಅದರಲ್ಲಿರುವವರಿಗೇ ಕೊಡಿ. ನಾಲ್ಕಕ್ಕೆ ಆರು ಇಂಚಿನ ಒಳ್ಳೆಯ ಪ್ರಿಂಟಿಗೆ 1200ಕ್ಕೆ 1800 ಪಿಕ್ಸೆಲ್ ಸಾಕು. ಇವತ್ತಿನ ಯಾವ ಫೋನೂ ಅದಕ್ಕಿಂತ ಜಾಸ್ತಿಯೇ ಕೊಡುತ್ತದೆ. ವರ್ಷಗಟ್ಟಲೆ ಸೇವೆ ಮಾಡಿದ ಎಷ್ಟೋ ಜನರ ಹತ್ತಿರ ತಾವು ಕೆಲಸ ಮಾಡುತ್ತಿರುವ ಒಂದು ಫೋಟೋ ಕೂಡ ಇರುವುದಿಲ್ಲ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಬೀಗ ತೆಗೆಯುವವರು, ಮೂಲೆಯಲ್ಲಿ ಕೂತು ಲೆಕ್ಕ ಬರೆಯುವವರು, ಎಲ್ಲ ಮುಗಿದ ಮೇಲೆ ಕುರ್ಚಿ ಮಡಿಚಿಡುವವರು ಯಾವ ಸಾಲಿನಲ್ಲೂ ನಿಂತಿರುವುದಿಲ್ಲ. ಅವರು ಸಿಗಬೇಕಾದರೆ ನೀವು ಅರ್ಧ ಗಂಟೆ ಬೇಗ ಹೋಗಬೇಕು, ಅರ್ಧ ಗಂಟೆ ತಡವಾಗಿ ಹೊರಡಬೇಕು.

ಹಾಗೆಯೇ ಇನ್ನೊಬ್ಬರು ಯಾವ ಫೋಟೋದಲ್ಲೂ ಇರುವುದಿಲ್ಲ. ಅದು ನೀವು. ಮುಂದಿನ ಸಲ ಕ್ಯಾಮೆರಾವನ್ನು ಆಟೋ ಮೋಡಿಗೆ ಹಾಕಿ ಪಕ್ಕದವರ ಕೈಗೆ ಕೊಡಿ. ನೀವು ಹೋಗಿ ಚೀಲ ಎತ್ತಿ. ಫೋಟೋ ಸ್ವಲ್ಪ ಶೇಕ್ ಆಗಿರುತ್ತದೆ, ನಿಮ್ಮ ತಲೆಯೂ ಕತ್ತರಿಸಿರಬಹುದು. ಪರವಾಗಿಲ್ಲ, ಮೂರು ನಾಲ್ಕು ತೆಗೆಯಲು ಹೇಳಿ.

ನಮಸ್ಕಾರ.